ಧರ್ಮದ ಮನಃಶಾಸ್ತ್ರದಲ್ಲಿ ಪಿಎಚ್‌.ಡಿ ಮಾಡಿ ಬದುಕೋಕೆ ಆಗುತ್ತಾ? ದಾವಣಗೆರೆ, ದುರ್ಗದ ಕಡೆಯವರು ದಯವಿಟ್ಟು ಹೇಳಿ

ಚಳ್ಳಕೆರೆ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ ಸೈಕಾಲಜಿ ಕೊನೇ ಸೆಮಿಸ್ಟರ್‌ನಲ್ಲಿದ್ದೀನಿ. ಊರು ಚಳ್ಳಕೆರೆ ಹತ್ರ, ಈಗ ಇರೋದು ದಾವಣಗೆರೆಯ ಒಂದು ಪಿಜಿಯಲ್ಲಿ. ನಮ್ಮ ಬ್ಯಾಚಿನವರು ಅರ್ಧ ಜನ ಕೌನ್ಸೆಲಿಂಗ್ ಅಂತಾರೆ, ಅರ್ಧ ಜನ ಎಚ್‌ಆರ್ ಅಂತಾರೆ. ನನಗೆ ಎರಡರ ಕಡೆಗೂ ಮನಸ್ಸು ವಾಲ್ತಿಲ್ಲ.

ನಾಯಕನಹಟ್ಟಿ ತಿಪ್ಪೇಸ್ವಾಮಿ ತೇರಿಗೆ ತಪ್ಪದೆ ಹೋಗೋ ಮನೆ ನಮ್ಮದು. ಅಲ್ಲಿ ಕೊಬ್ಬರಿ ಸುಡೋ ಜಾಗ ನೋಡಿದವರಿಗೆ ಗೊತ್ತಿರುತ್ತೆ. ಒಣಕೊಬ್ಬರಿ ರಾಶಿ ಧಗಧಗ ಉರೀತಿರುತ್ತೆ, ಎಣ್ಣೆ ಹೊಗೆಗೆ ಕಣ್ಣು ಬಿಡೋಕಾಗಲ್ಲ, ಝಳಕ್ಕೆ ಕೆನ್ನೆ ಚುರುಗುಟ್ಟುತ್ತೆ. ಆದರೂ ಜನ ಮುಂದೆ ನುಗ್ಗಿ ತಮ್ಮ ಹರಕೆಯ ಕೊಬ್ಬರಿ ಎಸೆದೇ ಬರ್ತಾರೆ. ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷವೂ, ಸಾಲ ಮಾಡಿಯಾದರೂ ತರ್ತಾರೆ. ಎಸೆದು ಹಿಂದಕ್ಕೆ ಬಂದ ಮೇಲೆ ಅವರ ಮುಖದ ಬಿಗಿ ಸಡಿಲ ಆಗಿರೋದನ್ನ ನಾನು ಚಿಕ್ಕವಳಿದ್ದಾಗಿಂದ ನೋಡ್ತಿದ್ದೀನಿ. ನಮ್ಮ ಚಿಕ್ಕಮ್ಮನ ಮೈಮೇಲೆ ಮಾರಮ್ಮ ಬರ್ತಾಳೆ. ಬೇರೆ ದಿನ ನಾಲ್ಕು ಜನರ ಮುಂದೆ ಬಾಯಿ ಬಿಡದ ಹೆಂಗಸು ಅವತ್ತು ಊರಿನ ದೊಡ್ಡವರನ್ನ ಏಕವಚನದಲ್ಲಿ ಗದರಿಸ್ತಾಳೆ, ಅವರೂ ಕೈಮುಗಿದು ನಿಂತು ಕೇಳ್ತಾರೆ. ಇದನ್ನ ಮನಃಶಾಸ್ತ್ರವಾಗಿ ಓದಬೇಕು ಅನ್ನೋದು ನನ್ನ ಆಸೆ.

ಗೈಡ್ ಹತ್ರ ಹೇಳಿದ್ರೆ, "ಇದು ಸೈಕಾಲಜಿನಾ, ಜಾನಪದನಾ?" ಅಂದ್ರು. ಮನೇಲಿ, "ದೇವರನ್ನ ಪರೀಕ್ಷೆ ಮಾಡಬಾರದು" ಅಂತಾರೆ. ಇಂಥ ಕ್ಷೇತ್ರ ನಿಜವಾಗಲೂ ಇದೆಯಾ? ಇದ್ದರೆ ಓದಿದವರು ಎಲ್ಲಿ ಕೆಲಸ ಮಾಡ್ತಾರೆ? ಗೊತ್ತಿದ್ದವರು ವಿವರವಾಗಿ ಬರೀರಿ.

ದುರ್ಗದ ಮೇಷ್ಟ್ರು

ತಂಗಿ, ಇದು ಮನಃಶಾಸ್ತ್ರವೇ. ಅದೂ ನಿನ್ನೆ ಮೊನ್ನೆಯದಲ್ಲ. ನಾನು ಈ ವಿಷಯದಲ್ಲೇ ಪಿಎಚ್‌.ಡಿ ಮಾಡಿ, ಮನಃಶಾಸ್ತ್ರ ಪಾಠ ಮಾಡಿಕೊಂಡೇ ಬದುಕಿದವನು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅಮೆರಿಕದ ಎಡ್ವಿನ್ ಸ್ಟಾರ್‌ಬಕ್ 1899ರಲ್ಲೇ ಜನರಿಗೆ ಪ್ರಶ್ನಾವಳಿ ಹಂಚಿ, ಯಾವ ವಯಸ್ಸಿನಲ್ಲಿ, ಯಾವ ತಳಮಳದಲ್ಲಿ ಮನಸ್ಸು ದೇವರ ಕಡೆ ತಿರುಗಿತು ಎಂದು ಕೇಳಿ, ಉತ್ತರಗಳನ್ನು ಎಣಿಸಿ ಪುಸ್ತಕ ಮಾಡಿದ್ದ. ಅಮೆರಿಕದ್ದೇ ಮನಃಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಎಡಿನ್‌ಬರೋದಲ್ಲಿ ಕೊಟ್ಟ ಉಪನ್ಯಾಸಗಳು 1902ರಲ್ಲಿ ಪುಸ್ತಕವಾದವು. ಇವತ್ತಿಗೂ ಈ ಕ್ಷೇತ್ರಕ್ಕೆ ಬರುವವರು ಮೊದಲು ಓದುವುದು ಅದನ್ನೇ. ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘ 1914ರಲ್ಲಿ ಜರ್ಮನಿಯಲ್ಲಿ ಹುಟ್ಟಿತು. ಅಮೆರಿಕದ ಮನಃಶಾಸ್ತ್ರಜ್ಞರ ಸಂಘದಲ್ಲಿ 36ನೇ ವಿಭಾಗ ಇದಕ್ಕೇ ಮೀಸಲು, 1976ರಿಂದ. ನಿಮ್ಮ ಗೈಡ್‌ಗೆ ವಿನಯದಿಂದ ಇಷ್ಟು ಹೇಳಿ, ಸಾಕು.

ನಮ್ಮಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ, ಕಲ್ಕತ್ತೆಯ ನಂತರ ದೇಶದಲ್ಲೇ ಎರಡನೆಯದು. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿ ಶುರುಮಾಡಿದವರೂ ಅವರೇ. ಅಂದರೆ ಕನ್ನಡನಾಡಿನಲ್ಲಿ ಮನಃಶಾಸ್ತ್ರಕ್ಕೆ ನೂರು ವರ್ಷ ತುಂಬಿದೆ. ಹಾಗಿದ್ದೂ ನಮ್ಮ ಜಾತ್ರೆ, ಪರಿಷೆ, ಹರಕೆಗಳ ಬಗ್ಗೆ ಬರೆದವರು ಬಹುಪಾಲು ಜಾನಪದ ವಿಭಾಗದವರು. ಈ ಕೊರಗು ನನಗೆ ಬಹಳ ಇದೆ, ನಿಮ್ಮ ಪತ್ರ ನೋಡಿ ಸಂತೋಷವಾಗಲು ಅದೇ ಕಾರಣ.

ಇನ್ನೊಂದು ಮುಖ್ಯ ಮಾತು. ಜೇಮ್ಸ್ ಧರ್ಮವನ್ನು ನೋಡಿದ್ದು ಒಂಟಿಯಾಗಿ ಕುಳಿತ ಮನುಷ್ಯ ತನ್ನ ದೇವರೊಂದಿಗೆ ಪಡುವ ಅನುಭವವಾಗಿ. ಗುಂಪು, ಗುಡಿ, ಪೂಜಾರಿ, ತೇರು ಇವೆಲ್ಲ ಆಮೇಲೆ ಅಂಟಿಕೊಂಡವು ಎಂಬ ಭಾವನೆ ಅಲ್ಲಿದೆ. ಮುಂದೆ ಬಂದ ಎಷ್ಟೋ ಅಳತೆಗೋಲುಗಳು ಆ ಅಡಿಪಾಯದ ಮೇಲೇ ನಿಂತವು. ನಾಯಕನಹಟ್ಟಿಯ ಜನಸಾಗರದಲ್ಲಿ ನಿಂತು ಬೆಳೆದವರಿಗೆ ಅದು ಅರ್ಧ ಚಿತ್ರ ಎಂದು ತಕ್ಷಣ ಕಾಣುತ್ತದೆ. ನಿಮ್ಮ ಹತ್ತಿರ ಇರುವ ಬಂಡವಾಳ ಅದು.

ಈಗ ದಾರಿ. ಈ ಹೆಸರಿನ ಇನ್ನೊಂದು ಎಂ.ಎಸ್ಸಿ ಹುಡುಕಿಕೊಂಡು ಅಲೆಯಬೇಡಿ. ಮನಃಶಾಸ್ತ್ರ ವಿಭಾಗದಲ್ಲೇ ಪಿಎಚ್‌.ಡಿ ಸೀಟು ಹಿಡಿದು, ಸಂಶೋಧನೆಯ ಪ್ರಶ್ನೆಯನ್ನು ಇಲ್ಲಿಂದ ತೆಗೆದುಕೊಳ್ಳಿ. ನೆಟ್‌ನಲ್ಲಿ (ಕಾಲೇಜು ಉಪನ್ಯಾಸಕರಾಗಲು ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ತೌಲನಿಕ ಧರ್ಮ ಅಧ್ಯಯನ ಅಂತಲೇ ಒಂದು ವಿಷಯ ಇದೆ, ಆಸೆ ಹುಟ್ಟಿಸುತ್ತದೆ. ಆದರೆ ನಮ್ಮ ಕಾಲೇಜುಗಳಲ್ಲಿ ಆ ವಿಭಾಗಗಳೇ ಇಲ್ಲದಿರುವಾಗ ಅದನ್ನು ನೆಚ್ಚಿಕೊಳ್ಳಬೇಡಿ. ಮನಃಶಾಸ್ತ್ರದಲ್ಲೇ ನೆಟ್ ಬರೆಯಿರಿ, ರಾಜ್ಯದ ಅಂಥದ್ದೇ ಪರೀಕ್ಷೆ ಕೆ-ಸೆಟ್ ಕೂಡ.

ಹರಿಹರದವನು

ಮೇಷ್ಟ್ರೇ, ಇತಿಹಾಸ ಓದಿ ಖುಷಿ ಆಯ್ತು. ಆದರೆ ಅನ್ನದ ಮಾತೂ ಆಡಬೇಕಲ್ವಾ? ನನ್ನ ತಮ್ಮ ಎಂ.ಎ. ಮಾಡಿ ವರ್ಷಗಟ್ಟಲೆ ಅತಿಥಿ ಉಪನ್ಯಾಸಕ ಆಗಿದ್ದ. ರಜೆ ಬಂದರೆ ಸಂಬಳ ಇಲ್ಲ, ಪ್ರತಿ ವರ್ಷ ಮತ್ತೆ ಅರ್ಜಿ, ಮತ್ತೆ ಕಾಲೇಜು ಹಂಚೋ ಕೌನ್ಸೆಲಿಂಗ್. ಕೊನೆಗೆ ಅವನು ಅಂಗಡಿ ಹಾಕಿದ. ಈ ಹುಡುಗಿ ಮನೆಯವರು ಹೊಲ ನಂಬಿದವರು ಅನ್ಸುತ್ತೆ. "ಬಂಡವಾಳ ಇದೆ" ಅಂತ ಹುರಿದುಂಬಿಸೋದು ಸುಲಭ, ಆಮೇಲೆ ತಿಂಗಳ ಕೊನೆಗೆ ಬಾಡಿಗೆ ಕಟ್ಟೋರು ಯಾರು?

ದುರ್ಗದ ಮೇಷ್ಟ್ರು

ಸರಿಯಾದ ಪ್ರಶ್ನೆ, ಮುಚ್ಚಿಡುವಂಥದ್ದು ಏನೂ ಇಲ್ಲ. ಜೆಆರ್‌ಎಫ್ (ನೆಟ್‌ನಲ್ಲಿ ಮುಂದೆ ಬಂದವರಿಗೆ ಸಿಗುವ ಸಂಶೋಧನಾ ವೇತನ) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮನೆಬಾಡಿಗೆ ಭತ್ಯೆ ಬೇರೆ. 2023ರ ಜನವರಿಯಿಂದ ಈ ದರ. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30, ಹೆಣ್ಣುಮಕ್ಕಳಿಗೆ ಐದು ವರ್ಷ ಸಡಿಲಿಕೆ ಇದೆ. 2022ರ ನಿಯಮದ ಪ್ರಕಾರ ಪಿಎಚ್‌.ಡಿಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷ ಹೆಚ್ಚುವರಿ, 240 ದಿನದ ಹೆರಿಗೆ ರಜೆ. ಕಾಯಂ ಸಹಾಯಕ ಪ್ರಾಧ್ಯಾಪಕರಾದರೆ ಯುಜಿಸಿ ವೇತನಶ್ರೇಣಿಯಲ್ಲಿ ಮೂಲವೇತನವೇ 57,700ರಿಂದ ಶುರು.

ಕಷ್ಟ ಇರುವುದು ಈ ಎರಡರ ನಡುವೆ. ಪಿಎಚ್‌.ಡಿ ಮುಗಿದು ಕಾಯಂ ಕೆಲಸ ಸಿಗುವವರೆಗಿನ ಕಾಲ ದೊಡ್ಡದು, ಯಾರ ಕೈಯಲ್ಲೂ ಇಲ್ಲ. ನಿಮ್ಮ ತಮ್ಮನಿಗಾದ ಹಾಗೇ ಎಷ್ಟೋ ಜನರಿಗೆ ಆಗಿದೆ. ಅದಕ್ಕೇ ನಾನು ಜೆಆರ್‌ಎಫ್ ಇಲ್ಲದೆ ಪೂರ್ಣಕಾಲದ ಪಿಎಚ್‌.ಡಿಗೆ ಇಳಿಯಬೇಡಿ ಅನ್ನುವುದು. ಇನ್ನೊಂದು ಆಸರೆಯೂ ಇರಲಿ: ಸಂಖ್ಯಾಶಾಸ್ತ್ರ ಗಟ್ಟಿ ಮಾಡಿಕೊಳ್ಳಿ. ಅಂಕಿಅಂಶ ಲೆಕ್ಕಹಾಕುವ ಆರ್ ಎಂಬ ತಂತ್ರಾಂಶದಲ್ಲಿ ಕೆಲಸ ಬರುವವರಿಗೆ ಆರೋಗ್ಯ ಸಂಶೋಧನೆಯ ಯೋಜನೆಗಳಲ್ಲಿ, ವೈದ್ಯಕೀಯ ಕಾಲೇಜುಗಳಲ್ಲಿ ಕೆಲಸ ಹುಟ್ಟುತ್ತದೆ. ಆ ನಡುಗಾಲದಲ್ಲಿ ಬಾಡಿಗೆ ಕಟ್ಟುವುದು ಅದೇ.

ದಾವಣಗೆರೆ ಮನೋವೈದ್ಯ

ನಾನು ಸೈಕಿಯಾಟ್ರಿಸ್ಟ್. ನಮ್ಮ ಹೊರರೋಗಿ ವಿಭಾಗಕ್ಕೆ ಬರುವವರಲ್ಲಿ ಮೊದಲು ಗುಡಿಗೋ ದರ್ಗಾಕ್ಕೋ ಹೋಗದೆ ನೇರ ಬಂದವರು ಕಡಿಮೆ. ತೋಳಿನಲ್ಲಿ ತಾಯತ, ಸೊಂಟದಲ್ಲಿ ಕರಿದಾರ, ಜೇಬಿನಲ್ಲಿ ಮಡಚಿದ ಭಂಡಾರದ ಪೊಟ್ಟಣ ಇರುತ್ತೆ. "ಅದನ್ನ ಬಿಚ್ಚಿ" ಅಂತ ನಾನು ಯಾರಿಗೂ ಹೇಳಲ್ಲ. "ದೇವರಿಗೂ ಹೋಗಿ, ಮಾತ್ರೆನೂ ಬಿಡಬೇಡಿ" ಅಂತೀನಿ. ಅಷ್ಟು ಹೇಳಿದ್ರೆ ಮುಂದಿನ ಸಲ ಅವರು ಮತ್ತೆ ಬರ್ತಾರೆ. ಹಾಗಾಗಿ ಈ ಹುಡುಗಿಯ ಪ್ರಶ್ನೆ ನಮಗೆ ದಿನನಿತ್ಯದ ಕೆಲಸಕ್ಕೆ ಬೇಕಾದದ್ದು.

ಮೈಮೇಲೆ ಬರೋದರ ಬಗ್ಗೆ ನಮ್ಮವರೇ ಕೆಲಸ ಮಾಡಿದ್ದಾರೆ. 1981ರಲ್ಲಿ ಪಶ್ಚಿಮ ಕರ್ನಾಟಕದ ಹಳ್ಳಿಗಳ ಸಮೀಕ್ಷೆಯೊಂದು ಭಾರತೀಯ ಮನೋವೈದ್ಯರ ಪತ್ರಿಕೆಯಲ್ಲಿ ಬಂತು. ಕನ್ನಡದಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ಅಷ್ಟೊಂದು ಬರೆದಿರುವ ಸಿ.ಆರ್. ಚಂದ್ರಶೇಖರ್ ಅವರು ಆ ತಂಡದಲ್ಲಿದ್ದರು. 2002ರಲ್ಲಿ ನಿಮ್ಹಾನ್ಸ್‌ನ ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಮುತ್ತುಸ್ವಾಮಿ ಗುಡಿಯಲ್ಲಿ ತಂಗಿದ್ದ 31 ಜನ ಮನೋರೋಗಿಗಳನ್ನು ಗಮನಿಸಿದರು. ಮಾತ್ರೆ ಇಲ್ಲ, ವಿಶೇಷ ಆಚರಣೆಯೂ ಇಲ್ಲ; ಗುಡಿಯ ಸಣ್ಣಪುಟ್ಟ ಕೆಲಸ ಮಾಡಿಕೊಂಡು, ಜೊತೆಗೆ ಮನೆಯವರೊಬ್ಬರನ್ನು ಇಟ್ಟುಕೊಂಡು ಕೆಲವು ವಾರ ಇದ್ದರು. ರೋಗಲಕ್ಷಣದ ಅಂಕ ಸುಮಾರು 20 ಪ್ರತಿಶತ ಇಳಿದಿತ್ತು. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ ಅದು. ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ ಅನ್ನೋದನ್ನ ನೆನಪಿಟ್ಟುಕೊಂಡೇ ಓದಬೇಕು.

ಆದರೆ ಅದರ ಪಕ್ಕದಲ್ಲೇ ತಮಿಳುನಾಡಿನ ಏರ್ವಾಡಿಯನ್ನ ಇಡಬೇಕು. 2001ರ ಆಗಸ್ಟ್ 6ರ ಬೆಳಗಿನ ಜಾವ ಅಲ್ಲಿಯ ದರ್ಗಾ ಹತ್ತಿರದ ಖಾಸಗಿ ಆಶ್ರಯದಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. 28 ಜನ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನ ಖಡಾಖಂಡಿತ ನಿಷೇಧಿಸಿದೆ. ನಂಬಿಕೆಯಿಂದ ನೆಮ್ಮದಿ ಸಿಗೋದೂ ನಿಜ, ನಂಬಿಕೆಯ ಹೆಸರಲ್ಲಿ ಚಿಕಿತ್ಸೆ ತಪ್ಪಿ ಜೀವ ಹೋಗೋದೂ ನಿಜ. ಸಂಶೋಧನೆ ಮಾಡೋಳು ಎರಡನ್ನೂ ಬರೀಬೇಕು ಮಗಳೇ.

ನಿಮ್ಮ ಚಿಕ್ಕಮ್ಮನ ವಿಷಯ: ಊರಿನ ಆಚರಣೆಯ ಒಳಗೆ, ಆ ಹೊತ್ತಿಗೆ ಬಂದು ಆ ಹೊತ್ತಿಗೆ ಹೋಗುವ ಮೈದುಂಬುವಿಕೆಯನ್ನ ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿ, ಅಂದರೆ ಐಸಿಡಿ-11, ರೋಗ ಅನ್ನಲ್ಲ. ತಾನಾಗಿ ಬೇಡದಿದ್ದರೂ ಪದೇಪದೇ ಬಂದು, ಬದುಕು ಏರುಪೇರಾದರೆ ಮಾತ್ರ ಅದಕ್ಕೆ ರೋಗದ ಹೆಸರು. ಈ ಗೆರೆ ಗೊತ್ತಿಲ್ಲದೆ ಕ್ಷೇತ್ರಕಾರ್ಯಕ್ಕೆ ಇಳಿಯಬಾರದು.

ಪ್ರಶ್ನೆ ಕೇಳುವವ

ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ಮೈಮೇಲೆ ಬರೋದು, ಹರಕೆ, ಹೇಳಿಕೆ ಇವನ್ನೆಲ್ಲ ವಿಶ್ವವಿದ್ಯಾಲಯಕ್ಕೆ ತಂದು "ಸಂಶೋಧನೆ" ಅಂತ ಮಾಡಿದರೆ ನಾಳೆ ಪೂಜಾರಿಗಳು "ನೋಡಿ, ಪಿಎಚ್‌.ಡಿ ಮಾಡಿದವರೇ ಒಪ್ಪಿದ್ದಾರೆ" ಅಂತಾರೆ. ಉಚ್ಚಂಗಿ ಗುಡ್ಡದಲ್ಲಿ ದೇವದಾಸಿ ಬಿಡುವುದನ್ನು ನಿಲ್ಲಿಸಲು 1982ರಲ್ಲಿ ಕಾಯ್ದೆ ಆಯ್ತು, ಮೌಢ್ಯ ಪ್ರತಿಬಂಧಕ್ಕೆ 2017ರಲ್ಲಿ ಕಾಯ್ದೆ ಆಯ್ತು. ಎಷ್ಟು ಜನ ಎಷ್ಟು ಹೋರಾಡಿ ತಂದದ್ದು! ಅವರ ಕೆಲಸಕ್ಕೆ ಇದು ಅಡ್ಡ ಬರಲ್ವಾ?

ದುರ್ಗದ ಮೇಷ್ಟ್ರು

ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ಆ ಹೋರಾಟಗಳ ಮೇಲೆ ನನಗೂ ಗೌರವ ಇದೆ. ಆದರೆ ಈ ಕ್ಷೇತ್ರ ಶುರುವಿನಲ್ಲೇ ಒಂದು ನಿಯಮ ಹಾಕಿಕೊಂಡಿದೆ. ಜಿನೀವಾದ ಥಿಯೊಡೋರ್ ಫ್ಲೂರ್ನ್ವಾ 1903ರ ಹೊತ್ತಿಗೇ ಹೇಳಿದ: ದೇವರು ಇದ್ದಾನೆ ಎಂದೂ ಇಲ್ಲ ಎಂದೂ ಮನಃಶಾಸ್ತ್ರ ತೀರ್ಪು ಕೊಡಬಾರದು, ಮನುಷ್ಯನಲ್ಲಿ ಏನಾಗುತ್ತದೆ ಎಂಬುದಷ್ಟೇ ಅದರ ಕೆಲಸ. ಮಾರಮ್ಮ ಬಂದಳೋ ಇಲ್ಲವೋ ಎಂದು ಈ ಹುಡುಗಿ ಬರೆಯುವುದಿಲ್ಲ. ಬಾಯಿಲ್ಲದ ಹೆಣ್ಣುಮಗಳಿಗೆ ವರ್ಷಕ್ಕೊಂದು ದಿನ ಊರಿಗೆ ಊರೇ ಕಿವಿಗೊಡುವುದು ಯಾಕೆ, ಆ ದಿನ ಅವಳು ಏನೇನು ಹೇಳುತ್ತಾಳೆ, ಹೇಳಿದ್ದಕ್ಕೆ ಮರುದಿನ ಬೆಲೆ ಇರುತ್ತದೆಯೇ, ಇವನ್ನು ಕೇಳುತ್ತಾಳೆ. ಮೌಢ್ಯದ ವಿರುದ್ಧ ಕೆಲಸ ಮಾಡುವವರಿಗೂ ಇದು ಗೊತ್ತಿರಬೇಕು. ಕಾಯ್ದೆ ಬಂದ ಮೇಲೂ ಒಂದು ಆಚರಣೆ ನಿಲ್ಲದಿದ್ದರೆ, ಅದು ಜನರಿಗೆ ಏನನ್ನು ಕೊಡುತ್ತಿದೆ ಎಂದು ನೋಡದೆ ಬೇರೆ ದಾರಿ ಇಲ್ಲ.

ಪ್ರಶ್ನೆ ಕೇಳುವವ

ಹಾಗೆ ಕೇಳೋದಾದರೆ ನನ್ನ ತಕರಾರಿಲ್ಲ. ಆದರೆ ಯಾರಿಗೆ ನಷ್ಟ ಆಗ್ತಿದೆ ಅನ್ನೋದೂ ಪ್ರಬಂಧದಲ್ಲಿ ಬರಲಿ. ಅದನ್ನ ಬಿಟ್ಟು ಬರೆದರೆ ನಾನು ಒಪ್ಪಲ್ಲ.

ಗೊಲ್ಲರಹಟ್ಟಿ ಹುಡುಗ

ನಾನು ಕಾಡುಗೊಲ್ಲರವನು, ಚಳ್ಳಕೆರೆ ತಾಲ್ಲೂಕೇ. ನಮ್ಮ ದೇವರು ಕ್ಯಾತಪ್ಪನ ಪರಿಷೆ ಬಗ್ಗೆ ಗೊತ್ತಿರೋರಿಗೆ ಗೊತ್ತು. ಬಾರೆ ಕಳ್ಳೆ ಮುಳ್ಳು ತಂದು ಆಳೆತ್ತರಕ್ಕೂ ಮೀರಿ ಗುಡಿ ಕಟ್ಟಿ ತುದಿಗೆ ಕಳಸ ಇಡ್ತಾರೆ. ಹುಡುಗರು ಬರಿಗಾಲಲ್ಲಿ, ಬರಿಮೈಯಲ್ಲಿ ಮುಳ್ಳಿನ ಮೇಲೆ ಬಿದ್ದು ಹತ್ತಿ ಕಳಸ ಇಳಿಸ್ತಾರೆ. ಕೆಳಗೆ ನಿಂತೋರಿಗೆ ಎದೆ ಡವಗುಟ್ತಾ ಇರ್ತೈತೆ.

ಪ್ರತಿ ಸಲ ಯಾರಾದ್ರೂ ಕ್ಯಾಮೆರಾ ಹಿಡ್ಕಂಡು ಬರ್ತಾರೆ. ಫೋಟೋ ತಗೀತಾರೆ, ಎರಡು ಪ್ರಶ್ನೆ ಕೇಳ್ತಾರೆ, ಹೋಗ್ತಾರೆ. ಆಮೇಲೆ ಪೇಪರಲ್ಲಿ "ವಿಚಿತ್ರ ಆಚರಣೆ" ಅಂತ ಬರ್ತೈತೆ. ನಮ್ ಹಟ್ಟಿ ಹೆಣ್ಮಕ್ಕಳನ್ನ ಮುಟ್ಟು, ಹೆರಿಗೆ ಅಂತ ಹೊರಗಿಡೋ ಸೂತಕದ ವಿಷಯಕ್ಕೂ ಅಷ್ಟೇ, ಬರೆದೋರು ಯಾರೂ ವಾಪಸ್ ಬಂದು ಹಟ್ಟಿಯೋರ ಜೊತೆ ಕೂತು ಮಾತಾಡಿಲ್ಲ. ಅದು ಬದಲಾಗ್ಬೇಕು ಅಂತ ನಮ್ಮೊಳಗೇ ಹೇಳೋರಿದೀವಿ, ಆದ್ರೆ ಹೊರಗಿನೋರು ಬೈದು ಹೋದ್ರೆ ನಮ್ ಮಾತೂ ನಡೆಯಲ್ಲ. ಅಕ್ಕ, ನೀವೂ ಹಂಗೇ ಬರೋದಾದ್ರೆ ಬೇಡ. ಕೂತು ಕೇಳೋದಾದ್ರೆ ಬನ್ನಿ.

ಬರ್ನೊದಲ್ಲಿರೋ ದಾವಣಗೆರೆಯವಳು

ಗೊಲ್ಲರಹಟ್ಟಿ ತಮ್ಮ ಬರೆದದ್ದು ಓದಿ ಕೈ ಸುಮ್ಮನಿರಲಿಲ್ಲ. ನಾನು ಪಿ.ಜೆ. ಬಡಾವಣೆಯಲ್ಲಿ ಬೆಳೆದವಳು, ಈಗ ಯುರೋಪಿನಲ್ಲಿ ಧರ್ಮದ ಅರಿವಿನ ವಿಜ್ಞಾನ, ಅಂದರೆ ನಂಬಿಕೆ, ಆಚರಣೆಗಳ ಹಿಂದೆ ಮನಸ್ಸು ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನ ಓದ್ತಿದ್ದೀನಿ. ಇಲ್ಲಿ ಚೆಕ್ ದೇಶದ ಬರ್ನೊದ ಮಸಾರಿಕ್ ವಿಶ್ವವಿದ್ಯಾಲಯದಲ್ಲಿ ಧರ್ಮವನ್ನ ಪ್ರಯೋಗದಿಂದ ಅಧ್ಯಯನ ಮಾಡೋಕೇ ಒಂದು ಪ್ರಯೋಗಾಲಯ ಇದೆ, ಲೆವಿನಾ ಅಂತ. ಡೆನ್ಮಾರ್ಕಿನ ಆರ್ಹುಸ್, ಅಮೆರಿಕದ ಕನೆಕ್ಟಿಕಟ್, ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯಗಳಲ್ಲೂ ಈ ಕೆಲಸ ನಡೀತದೆ.

ಎದೆ ಡವಗುಟ್ಟೋದನ್ನ ಇವರು ಅಳೆದಿದ್ದಾರೆ. ಸ್ಪೇನಿನ ಸ್ಯಾನ್ ಪೆದ್ರೊ ಮಾನ್ರಿಕೆ ಅನ್ನೋ ಹಳ್ಳಿಯಲ್ಲಿ ಜೂನ್ ತಿಂಗಳಲ್ಲಿ ಕೆಂಡ ಹಾಯ್ತಾರೆ, ನಮ್ಮ ಕಡೆ ಹಾಯೋ ಹಾಗೇ, ಕೆಲವರು ಬೆನ್ನ ಮೇಲೆ ಇನ್ನೊಬ್ಬರನ್ನ ಹೊತ್ತುಕೊಂಡು. ಕೆಂಡ ಹಾಯೋರಿಗೂ ನೋಡೋರಿಗೂ ಎದೆಬಡಿತ ದಾಖಲಿಸೋ ಪಟ್ಟಿ ಕಟ್ಟಿದರು. ಹಾಯೋರ ಎದೆಬಡಿತ ಏರಿ ಇಳಿದ ಹಾಗೇ, ಸುಮ್ಮನೆ ನಿಂತು ನೋಡ್ತಿದ್ದ ಅವರ ಮನೆಯವರ, ಸ್ನೇಹಿತರ ಎದೆಬಡಿತವೂ ಏರಿ ಇಳೀತು. ಪರಊರಿಂದ ನೋಡೋಕೆ ಬಂದಿದ್ದವರಲ್ಲಿ ಹಾಗಾಗಲಿಲ್ಲ. 2011ರಲ್ಲಿ ಪ್ರಕಟವಾಯ್ತು. ಪರಿಷೆಯಲ್ಲಿ ಒಂದೇ ಹಟ್ಟಿಯವರು ಯಾಕೆ ಒಟ್ಟಿಗೆ ಬಂದು ನಿಲ್ತಾರೆ ಅನ್ನೋದು ನನಗೆ ಆ ಎದೆಬಡಿತದ ಗ್ರಾಫ್ ನೋಡಿದಾಗ ಹೊಸದಾಗಿ ಹೊಳೀತು.

ಆ ತಂಡದಲ್ಲಿದ್ದ ಡಿಮಿಟ್ರಿಸ್ ಕ್ಸಿಗಲಾಟಸ್ ಆಮೇಲೆ ಮಾರಿಷಸ್‌ನ ತಮಿಳರ ಕಾವಡಿ ಹಬ್ಬಕ್ಕೆ ಹೋದರು. ಮೈಗೆ ಸೂಜಿ, ಕೊಕ್ಕೆ ಚುಚ್ಚಿಕೊಂಡು ಕಾವಡಿ ಹೊತ್ತವರಿಗೂ, ಬರೀ ಸಾಮೂಹಿಕ ಪ್ರಾರ್ಥನೆಗೆ ಬಂದವರಿಗೂ ಸ್ವಲ್ಪ ಹಣ ಕೊಟ್ಟು, ಅದರಲ್ಲಿ ಗುಡಿಗೆ ಎಷ್ಟು ಬೇಕಾದರೂ ಗುಟ್ಟಾಗಿ ಹಾಕಬಹುದು ಅಂದರು. ನೋವುಂಡವರು ಹೆಚ್ಚು ಕೊಟ್ಟರು, ಅವರ ನೋವನ್ನ ನೋಡ್ತಾ ಜೊತೆ ನಡೆದವರೂ ಅಷ್ಟೇ ಹೆಚ್ಚು ಕೊಟ್ಟರು. ಅದು 2013. 2019ರಲ್ಲಿ ಇನ್ನೊಂದು ಬಂತು: ಕಾವಡಿಯಿಂದ ಆರೋಗ್ಯಕ್ಕೆ ಅಳತೆಗೆ ಸಿಗುವಂಥ ಹಾನಿ ಕಾಣಲಿಲ್ಲ, ಹೆಚ್ಚು ನೋವು ತಗೊಂಡವರಲ್ಲಿ ಮನಸ್ಸಿನ ನೆಮ್ಮದಿಯೂ ಹೆಚ್ಚಿತ್ತು.

ಚಳ್ಳಕೆರೆ ತಂಗಿ, ಈ ಕಡೆ ಬರೋ ಮನಸ್ಸಿದ್ದರೆ ಗಮನಿಸು. ಸಂಬಳ ಕೊಡೋ ಪಿಎಚ್‌.ಡಿ ಜಾಗ ಮಾತ್ರ ನೋಡು, ಸಾಲ ಮಾಡಿ ಬರಬೇಡ. ಈ ಕ್ಷೇತ್ರಕ್ಕೆ ಹಣ ಬಹಳಷ್ಟು ಅಮೆರಿಕದ ಟೆಂಪಲ್ಟನ್ ಪ್ರತಿಷ್ಠಾನದಿಂದ ಬರುತ್ತೆ, ಆ ಹಣ ಸಂಶೋಧನೆಯನ್ನ ಧರ್ಮದ ಪರ ವಾಲಿಸುತ್ತೆ ಅನ್ನೋ ಟೀಕೆ ಇದೆ. ಎರಡೂ ಕಡೆಯ ವಾದ ಓದಿಕೋ. ಮತ್ತೆ ಮೇಷ್ಟ್ರು ಸಂಖ್ಯಾಶಾಸ್ತ್ರ ಅಂದರಲ್ಲ, ಅದನ್ನ ಕಿವಿಗೆ ಹಾಕಿಕೋ. 2012ರಲ್ಲಿ ವಿಶ್ಲೇಷಣಾತ್ಮಕ ಯೋಚನೆಗೆ ಹಚ್ಚಿದರೆ ದೇವರ ಮೇಲಿನ ನಂಬಿಕೆ ಕಮ್ಮಿಯಾಗುತ್ತೆ ಅಂತ ದೊಡ್ಡ ಪತ್ರಿಕೆಯಲ್ಲಿ ಬಂದ ಪ್ರಯೋಗವನ್ನ 2017ರಲ್ಲಿ ಬೇರೆಯವರು ದೊಡ್ಡ ಗುಂಪಿನ ಮೇಲೆ ಮತ್ತೆ ಮಾಡಿದಾಗ ಆ ಫಲಿತಾಂಶ ಬರಲೇ ಇಲ್ಲ. ಸಣ್ಣ ಗುಂಪು, ದೊಡ್ಡ ತೀರ್ಮಾನ ಅನ್ನೋದು ಈ ಕ್ಷೇತ್ರಕ್ಕೆ ಅಂಟಿದ ರೋಗ.

ಚಳ್ಳಕೆರೆ ಹುಡುಗಿ

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಗೊಲ್ಲರಹಟ್ಟಿ ಅಣ್ಣ, ನಿಮ್ಮ ಮಾತು ಮನಸ್ಸಿಗೆ ತಾಗ್ತು. ಖಂಡಿತ ಕೂತೇ ಕೇಳ್ತೀನಿ.

ಮೇಷ್ಟ್ರೇ, ಒಂದು ಸಂದೇಹ. ಲೈಬ್ರರಿಯಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಆಲ್‌ಪೋರ್ಟ್ ಅವರ ಅಳತೆ (ಭಕ್ತಿಯ ಬಗೆ ಅಳೆಯೋ ಪ್ರಶ್ನಾವಳಿ) ಸಿಕ್ತು. ಅದರ ಪ್ರಕಾರ ಧರ್ಮವನ್ನ ಬದುಕಾಗಿ ಬದುಕೋರು ಒಳಮುಖಿ, ಏನಾದರೂ ಲಾಭಕ್ಕೆ ಬಳಸೋರು ಹೊರಮುಖಿ. ಒಳಮುಖಿ ಅಂದರೆ ಪಕ್ವ, ಹೊರಮುಖಿ ಅಂದರೆ ಅಪಕ್ವ ಅನ್ನೋ ಧ್ವನಿ ಇದೆ. ನಮ್ಮಜ್ಜಿ ಇದಕ್ಕೆ ಉತ್ತರ ಕೊಟ್ಟರೆ ಪೂರ್ತಿ ಹೊರಮುಖಿ ಆಗ್ತಾಳೆ. "ಬೋರಲ್ಲಿ ನೀರು ಬಂದರೆ ತೇರಿಗೆ ಕೊಬ್ಬರಿ ಸುಡ್ತೀನಿ" ಅಂತ ತಿಪ್ಪೇಸ್ವಾಮಿ ಹತ್ರ ನೇರವಾಗಿ ಲೆಕ್ಕ ಮಾತಾಡೋಳು. ಆದರೆ ಅವಳಿಗಿಂತ ಭಕ್ತಿ ಇರೋರನ್ನ ನಾನು ಕಂಡಿಲ್ಲ. ಬೋರ್ ಫೇಲ್ ಆದ ವರ್ಷವೂ ಅವಳು ಕೊಬ್ಬರಿ ಸುಟ್ಟಳು.

ದುರ್ಗದ ಮೇಷ್ಟ್ರು

ತಂಗಿ, ನಿಮ್ಮ ಪಿಎಚ್‌.ಡಿ ಇಲ್ಲೇ ಇದೆ.

ಗಾರ್ಡನ್ ಆಲ್‌ಪೋರ್ಟ್ ದೊಡ್ಡ ಮನುಷ್ಯ. 1967ರಲ್ಲಿ ರಾಸ್ ಜೊತೆ ಸೇರಿ ಆ ಅಳತೆ ಮಾಡಿದಾಗ ಅವರ ತಲೆಯಲ್ಲಿದ್ದದ್ದು ಒಂದು ನಿಜವಾದ ಒಗಟು: ಅಮೆರಿಕದಲ್ಲಿ ಚರ್ಚಿಗೆ ಹೋಗುವವರಲ್ಲಿ, ಹೋಗದವರಿಗಿಂತ ಹೆಚ್ಚು ಜನಾಂಗದ್ವೇಷ ಯಾಕೆ ಕಾಣುತ್ತದೆ? ಚರ್ಚನ್ನು ಅನುಕೂಲಕ್ಕೆ ಬಳಸುವವರನ್ನು ಬೇರೆ ಮಾಡಿ ನೋಡಿದರೆ ಉತ್ತರ ಸಿಗಬಹುದು ಎಂದು ಈ ವಿಂಗಡಣೆ ಮಾಡಿದರು. ಆ ಕಾಲಕ್ಕೆ, ಆ ನಾಡಿಗೆ ಅದು ಬೆಲೆಯುಳ್ಳ ಕೆಲಸ. ಆದರೆ ಚರ್ಚು ಮುಖ್ಯವಾಗಿ ಜನರೊಂದಿಗೆ ಒಳ್ಳೆಯ ಸಂಬಂಧ ಬೆಳೆಸುವ ಜಾಗ ಎಂಬುದೂ ಅದರಲ್ಲಿ ಹೊರಮುಖಿಯ ಲಕ್ಷಣ. ನಮ್ಮ ಜಾತ್ರೆಗೆ ಇದನ್ನು ಹಚ್ಚಿ ನೋಡಿ. ಕೊಟ್ಟ ಮನೆಯಿಂದ ಹೆಣ್ಣುಮಕ್ಕಳು ಬರುವುದು, ಬೀಗರನ್ನು ಕರೆಯುವುದು, ದಾಸೋಹದಲ್ಲಿ ಗುರುತಿಲ್ಲದವರ ಪಕ್ಕ ಕೂತು ಉಣ್ಣುವುದು, ಇವೆಲ್ಲ ದೇವರ ಕಾರ್ಯದ ಒಳಗಿನವೇ. ಯೆಹೂದ್ಯರಂಥ ಸಮುದಾಯಪ್ರಧಾನ ಧರ್ಮಗಳಿಗೆ ಈ ವಿಂಗಡಣೆ ಹೊಂದುವುದಿಲ್ಲ ಎಂಬ ವಾದ ಈ ಕ್ಷೇತ್ರದೊಳಗೇ ಎದ್ದಿದೆ. ನಮ್ಮ ಕಡೆಯಿಂದಲೂ ಆ ಮಾತು ಹೋಗಬೇಕು, ದತ್ತಾಂಶದ ಸಮೇತ.

ಹರಕೆಯನ್ನೇ ತೆಗೆದುಕೊಳ್ಳಿ. ಹೊರಗಿನಿಂದ ನೋಡಿದರೆ ವ್ಯಾಪಾರ: ನೀನು ಕೊಡು, ನಾನು ಕೊಡುತ್ತೇನೆ. ಆದರೆ ನಿಮ್ಮ ಅಜ್ಜಿ, ದೇವರು ಕೊಡದ ವರ್ಷವೂ ಹರಕೆ ತೀರಿಸಿದರು. ವ್ಯಾಪಾರವಾಗಿದ್ದರೆ ಅಂದೇ ಮುರಿಯಬೇಕಿತ್ತು. ಸ್ವತಃ ತಿಪ್ಪೇಸ್ವಾಮಿಯ ಮಾತೇ "ಮಾಡಿದಷ್ಟು ನೀಡು ಭಿಕ್ಷೆ" ಎಂದಲ್ಲವೇ? ಕೊಡುವುದು, ಪಡೆಯುವುದು, ದುಡಿಯುವುದು ಆ ಮಾತಿನಲ್ಲಿ ಒಟ್ಟಿಗೇ ಇವೆ. ಲೆಕ್ಕ ಮಾತಾಡುವಷ್ಟು ಸಲುಗೆ ಇರುವ ಭಕ್ತಿಯನ್ನು ಅಪಕ್ವ ಎನ್ನುವ ಅಳತೆ ನಮ್ಮ ನೆಲದಲ್ಲಿ ಕೆಲಸಕ್ಕೆ ಬಾರದು.

ಇದಕ್ಕೆ ಜೋಡಿಸಲು ಇನ್ನೊಂದು ಎಳೆ ಕೊಡುತ್ತೇನೆ. ಕೆನೆತ್ ಪಾರ್ಗಮೆಂಟ್ ಎಂಬವರು ಕಷ್ಟಕಾಲದಲ್ಲಿ ಜನ ಧರ್ಮವನ್ನು ಹೇಗೆ ಆಸರೆಯಾಗಿ ಹಿಡಿಯುತ್ತಾರೆ ಎಂಬುದಕ್ಕೇ ತಮ್ಮ ವೃತ್ತಿಯನ್ನು ಕೊಟ್ಟರು. ದೇವರು ಜೊತೆಗಿದ್ದಾನೆ ಎಂದು ಹಿಡಿಯುವುದು ಒಂದು ಬಗೆ, ದೇವರು ಕೈಬಿಟ್ಟ, ನನ್ನ ಪಾಪಕ್ಕೆ ಶಿಕ್ಷೆ ಕೊಟ್ಟ ಎಂದು ಕುದಿಯುವುದು ಇನ್ನೊಂದು. 2001ರಲ್ಲಿ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು 600 ಮಂದಿ ವಯಸ್ಸಾದ ರೋಗಿಗಳ ಪೈಕಿ ಎರಡನೆಯ ಬಗೆಯ ಕುದಿತ ಇದ್ದವರು ಎರಡು ವರ್ಷದೊಳಗೆ ಸಾಯುವ ಸಂಭವ ಹೆಚ್ಚಿತ್ತು. ಅವರ 14 ಪ್ರಶ್ನೆಗಳ ಚಿಕ್ಕ ಅಳತೆಯನ್ನು ಜಗತ್ತಿನಾದ್ಯಂತ ಬಳಸುತ್ತಾರೆ. ಈಗ ಚಳ್ಳಕೆರೆ, ಮೊಳಕಾಲ್ಮೂರಿನ ರೈತರನ್ನು ನೆನೆಯಿರಿ. ಬೋರ್ ವಿಫಲವಾದ ಮನೆಯಲ್ಲಿ ಹರಕೆ ತೀರಿಸುವುದು ಆ ಕುದಿತವನ್ನು ತಗ್ಗಿಸುತ್ತದೆಯೇ, ಸಾಲದ ಹೊರೆಯಾಗಿ ಇನ್ನೂ ಹೆಚ್ಚಿಸುತ್ತದೆಯೇ? ಮೇಲೆ ಒಬ್ಬರು ನಷ್ಟದ ಮಾತು ಕೇಳಿದರಲ್ಲ, ಅದಕ್ಕೂ ಇದರಲ್ಲೇ ಜಾಗ ಇದೆ. ತೇರಿಗೆ ಮೊದಲೊಮ್ಮೆ, ಆದ ಮೇಲೊಮ್ಮೆ, ಮುಂಗಾರಿನ ಹೊತ್ತಿಗೊಮ್ಮೆ ಅದೇ ಮನೆಗಳಿಗೆ ಹೋಗಿ ಮಾತಾಡಿಸಿ. ಅಳತೆಯ ಜೊತೆಗೆ ಉದ್ದನೆಯ ಸಂದರ್ಶನವೂ ಇರಲಿ.

ಹರಿಹರದವನು

ಇದನ್ನ ಓದಿದ ಮೇಲೆ ನನಗೂ ಅನ್ನಿಸ್ತಿದೆ, ಯಾರಾದರೂ ಮಾಡಲೇಬೇಕಾದ ಕೆಲಸ ಇದು. ಜೆಆರ್‌ಎಫ್ ಮೊದಲು ತಗೊಳ್ಳಮ್ಮ. ಅದೊಂದು ಮಾತು ಬಿಡಬೇಡ.

ದಾವಣಗೆರೆ ಮನೋವೈದ್ಯ

ಎರಡು ವಿಷಯ ಸೇರಿಸ್ತೀನಿ. ಒಂದು, ಸಂದರ್ಶನದಲ್ಲಿ ಯಾರಾದರೂ ಸಾಯುವ ಮಾತಾಡಿದರೆ ಏನು ಮಾಡಬೇಕು ಅನ್ನೋದನ್ನ ಮೊದಲೇ ಬರೆದಿಟ್ಟುಕೊಳ್ಳಬೇಕು. ಸಾಲದಲ್ಲಿರೋ ರೈತರ ಮನೆಗೆ ಹೋಗ್ತೀರಿ, ಆ ಮಾತು ಬಂದೇ ಬರುತ್ತೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್, ಅಂದರೆ ಮಾನಸಿಕ ಆರೋಗ್ಯದ ಕ್ಲಿನಿಕ್ ಇರುತ್ತೆ, ಅಲ್ಲಿಯ ವೈದ್ಯರನ್ನ ಮುಂಚೆಯೇ ಮಾತಾಡಿಸಿ ಇಟ್ಟಿರಿ. ಎರಡು, ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಮನೆಯ ಬಾಗಿಲನ್ನೂ ತಟ್ಟಬೇಡಿ. ಓದು ಬಾರದವರಿಗೆ ಒಪ್ಪಿಗೆ ಪತ್ರವನ್ನ ಸಾಕ್ಷಿಯ ಎದುರು ಓದಿ ಹೇಳಿ, ಅರ್ಥವಾಯ್ತಾ ಅಂತ ಅವರ ಬಾಯಲ್ಲೇ ಕೇಳಿ, ಆಮೇಲೆ ಹೆಬ್ಬೆಟ್ಟು. ಚಿಕ್ಕಮ್ಮನನ್ನ ಮಾತ್ರ ಅಧ್ಯಯನಕ್ಕೆ ಸೇರಿಸಬೇಡಿ. ಮನೆಯವರು ನಿಮಗೆ ಇಲ್ಲ ಅನ್ನೋಕಾಗದೆ ಹೂಂ ಅಂತಾರೆ.

ಬರ್ನೊದಲ್ಲಿರೋ ದಾವಣಗೆರೆಯವಳು

ಮನೆಯವರ ಭಯದ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೀತೀನಿ. ನಮ್ಮಮ್ಮನೂ ದುಗ್ಗಮ್ಮನ ಭಕ್ತೆ. "ದೇವರನ್ನ ಪರೀಕ್ಷೆ ಮಾಡಬೇಡ" ಅಂತಾನೇ ಅಂದಿದ್ದಳು. ನಾನು ಮಾಡ್ತಿರೋದು ಜನರ ಮಾತು ಕೇಳೋದು ಅಂತ ಬಿಡಿಸಿ ಹೇಳಿದ ಮೇಲೆ, ಅವಳೇ ತನ್ನ ಹರಕೆಗಳನ್ನೆಲ್ಲ ಒಂದೊಂದಾಗಿ ಹೇಳೋಕೆ ಕೂತಳು. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸ್ತಾ ಹೇಳಿದ ಆ ಮಾತುಗಳು ಯಾವ ಪ್ರಶ್ನಾವಳಿಯಲ್ಲೂ ಸಿಗುವಂಥವಲ್ಲ. ಅಜ್ಜಿ ಹತ್ರ ಕೂತು ಮಾತಾಡು ತಂಗಿ. ದತ್ತಾಂಶಕ್ಕೆ ಅಂತಲ್ಲ, ಏನನ್ನ ಕೇಳಬೇಕು ಅಂತ ತಿಳ್ಕೊಳ್ಳೋಕೆ.

ಸುಧೀರ್ ಕಾಕರ್ ಅವರ ಹಾದಿಯನ್ನೂ ಒಮ್ಮೆ ನೋಡು. ಎಂಜಿನಿಯರಿಂಗ್ ಓದಿ, ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ, ಆಮೇಲೆ ಮನೋವಿಶ್ಲೇಷಣೆಗೆ ಬಂದವರು. ದರ್ಗಾ, ಗುಡಿಗಳಲ್ಲಿ ಮನಸ್ಸಿಗೆ ಮದ್ದು ಕೊಡೋರ ಜೊತೆ ಕೂತು ಬರೆದರು. 2024ರಲ್ಲಿ ತೀರಿಕೊಂಡರು. ಈ ವೃತ್ತಿಗೆ ಒಂದೇ ಹೆದ್ದಾರಿ ಇಲ್ಲ ಅಂತ ಮನೆಯವರಿಗೆ ತೋರಿಸೋಕೆ ಒಳ್ಳೇ ಉದಾಹರಣೆ.

ಚಳ್ಳಕೆರೆ ಹುಡುಗಿ

ನಿನ್ನೆ ಗೈಡ್ ಹತ್ರ ಹೋಗಿದ್ದೆ. 1899ರಿಂದ ಶುರುಮಾಡಿ, ಆಲ್‌ಪೋರ್ಟ್ ಅಳತೆಗೆ ಅಜ್ಜಿಯ ಉತ್ತರ ಹಾಕಿ ತೋರಿಸಿದೆ. ತುಂಬಾ ಹೊತ್ತು ನೋಡಿ, "ಎರಡು ಪುಟದ ಸಾರಾಂಶ ಬರ್ಕೊಂಡು ಬಾ" ಅಂದ್ರು. ಎಂ.ಎಸ್ಸಿ ಡಿಸರ್ಟೇಷನ್ನಿಗೆ ಚಿಕ್ಕದಾಗಿ ಹರಕೆಯ ಸಂದರ್ಶನಗಳನ್ನ ಮಾಡ್ತೀನಿ, ಜೊತೆಗೆ ನೆಟ್‌ಗೆ ಓದ್ತೀನಿ. ಅಳತೆ, ರೈತರ ಮನೆಗಳು ಪಿಎಚ್‌.ಡಿಗೆ ಇರಲಿ.

ಗೊಲ್ಲರಹಟ್ಟಿ ಅಣ್ಣ, ಕ್ಯಾತಪ್ಪನ ಪರಿಷೆಯನ್ನ ಈಗಲೇ ವಿಷಯ ಮಾಡಿಕೊಳ್ಳಲ್ಲ. ಆದರೆ ಬಂದು ನೋಡಬಹುದಾ? ಯಾರನ್ನ ಕೇಳಬೇಕು?

ಗೊಲ್ಲರಹಟ್ಟಿ ಹುಡುಗ

ಬನ್ನಿ ಅಕ್ಕ. ಪರಿಷೆ ದಿನ ಎಲ್ಲಾರೂ ಬರ್ತಾರೆ, ಅವತ್ತು ಮಾತಾಡಾಕೆ ಯಾರಿಗೂ ಪುರುಸೊತ್ತಿರಲ್ಲ. ಮುಂಚೆ ಒಂದ್ಸಲ ಬನ್ನಿ, ಕುರಿ ಹಟ್ಟಿಗೆ ಬರೋ ಸಂಜೆ ಹೊತ್ತಿಗೆ. ಮೊದಲು ಯಜಮಾನರನ್ನ ಕೇಳ್ಬೇಕು, ಆಮೇಲೆ ಪೂಜಾರಿನ. ಹಟ್ಟಿ ಬೇಲಿ ಒಳಗೆ ಚಪ್ಪಲಿ ಬೇಡ. ಫೋನು ಜೇಬಲ್ಲೇ ಇರ್ಲಿ, ಅವರು ಹೂಂ ಅಂದ್ಮೇಲೆ ರೆಕಾರ್ಡ್ ಮಾಡ್ಕಳಿ. ನಮ್ಮಜ್ಜ ಎಳೇ ವಯಸ್ಸಲ್ಲಿ ಕಳಸ ಇಳಿಸಿದೋರು, ಈಗ್ಲೂ ಕಾಲು ತೋರಿಸಿ ಕಥೆ ಹೇಳ್ತಾರೆ. ಬರೋ ಹಿಂದಿನ ದಿನ ಇಲ್ಲೇ ಮೆಸೇಜ್ ಹಾಕಿ, ಬಸ್‌ಸ್ಟಾಪಿಗೆ ನಮ್ ತಂಗಿನ ಕಳಿಸ್ತೀನಿ.